ಮೊಟ್ಟೆ ತಿನ್ನುವ ಹೇಂಟೆಗೆ ಖಾರದ ಪುಡಿ ಬೇಡ, ಇಳಿಜಾರು ಗೂಡು ಕೊಡಿ

ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕಿದವರ ಮನೆಯಲ್ಲಿ ಇವತ್ತಲ್ಲ ನಾಳೆ ಈ ದೂರು ಬರುತ್ತದೆ: ಇಟ್ಟ ಮೊಟ್ಟೆಯನ್ನು ಕೋಳಿಯೇ ತಿಂದು ಹಾಕುತ್ತಿದೆ. ಕೂಡಲೇ ಅಕ್ಕಪಕ್ಕದವರು ಒಂದೊಂದು ಮದ್ದು ಹೇಳುತ್ತಾರೆ. ಖಾಲಿ ಮೊಟ್ಟೆಯೊಳಗೆ ಖಾರದ ಪುಡಿ ತುಂಬಿಡಿ ಅಂತ ಒಬ್ಬರು, ಕೊಕ್ಕಿನ ತುದಿ ಸುಡಿ ಅಂತ ಇನ್ನೊಬ್ಬರು. ಎರಡೂ ಬೇಡ. ಹಕ್ಕಿಗಳಿಗೆ ಮೆಣಸಿನಕಾಯಿಯ ಖಾರ ತಟ್ಟುವುದೇ ಇಲ್ಲ. ಗಿಳಿ ಆರಾಮಾಗಿ ಮೆಣಸಿನಕಾಯಿ ತಿನ್ನುವುದನ್ನು ನೋಡಿದ್ದೀರಿ ಅಲ್ವಾ? ಖಾರದ ಪುಡಿ ತುಂಬಿಟ್ಟರೆ ಮಸಾಲೆ ಹಾಕಿ ಬಡಿಸಿದ ಹಾಗೆ, ಅಷ್ಟೇ. ಇನ್ನು ಕೊಕ್ಕು ಸುಟ್ಟರೆ ಅದಕ್ಕೆ ಕಾಳು ಹೆಕ್ಕುವುದೂ ಕಷ್ಟವಾಗುತ್ತದೆ.

ಮೊದಲು ಕಳ್ಳ ಯಾರೆಂದು ನೋಡಿ. ಹಾವು ಮೊಟ್ಟೆಯನ್ನು ಇಡಿಯಾಗಿ ನುಂಗುತ್ತದೆ, ಚಿಪ್ಪಿನ ಚೂರೂ ಉಳಿಯುವುದಿಲ್ಲ. ಮುಂಗುಸಿ, ಹೆಗ್ಗಣ, ಕಾಗೆ ಹೊತ್ತುಕೊಂಡು ಹೋಗುವುದೂ ಉಂಟು. ಗೂಡಿನೊಳಗೆ ಹುಲ್ಲು ಅಂಟಂಟಾಗಿ ಒದ್ದೆಯಾಗಿದ್ದು, ಚಿಪ್ಪಿನ ಸಣ್ಣ ಚೂರುಗಳು ಅದಕ್ಕೆ ಮೆತ್ತಿಕೊಂಡಿದ್ದರೆ ಅನುಮಾನ ಕೋಳಿಯ ಮೇಲೆಯೇ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದೊಂದನ್ನೇ ಹಿಡಿದು ಕೊಕ್ಕಿನ ಬುಡ ನೋಡಿ. ತಿಂದ ಹೇಂಟೆಗೆ ಕೊಕ್ಕಿನ ಎರಡೂ ಬದಿಯಲ್ಲಿ ಹಳದಿ ಒಣಗಿ, ಮೇಲೆ ಧೂಳು ಕೂತು ಕಂದು ಪಟ್ಟಿಯಂತೆ ಕಾಣುತ್ತದೆ. ಕತ್ತಿನ ಕೆಳಗಿನ ಪುಕ್ಕವೂ ಗಂಟುಗಂಟಾಗಿರುತ್ತದೆ. ಅದರ ಕಾಲಿಗೆ ಬಣ್ಣದ ದಾರ ಕಟ್ಟಿಬಿಡಿ.

ಆಮೇಲೆ ಮೇವು. ಚಟ ಶುರುವಾಗುವುದು ಹೆಚ್ಚಾಗಿ ತೆಳು ಚಿಪ್ಪಿನ ಮೊಟ್ಟೆ ತಾನಾಗಿ ಒಡೆದಾಗ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ಅದನ್ನೇ ಹಾಕಿದರೆ ಸಾಕು ಅಂತ ನಮ್ಮ ಕಡೆ ತುಂಬಾ ಜನ ನಂಬಿದ್ದಾರೆ. ಸ್ವಲ್ಪ ಲೆಕ್ಕ ಹಾಕಿ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಕೋಳಿ ದಿನಕ್ಕೆ ತಿನ್ನುವುದು 100 ಗ್ರಾಂ ಆಸುಪಾಸು. ಅಷ್ಟು ರಾಗಿಯಲ್ಲಿ ಸಿಗುವುದು ಗ್ರಾಮಿನ ಮೂರನೇ ಒಂದು ಭಾಗ. ಉಳಿದದ್ದು ಎಲ್ಲಿಂದ ಬರಬೇಕು? ಮೊಟ್ಟೆ ಇಡುವ ಕೋಳಿಗೆಂದೇ ಮಾಡಿದ ಮೇವಾದ ಲೇಯರ್ ಫೀಡ್‌ನಲ್ಲಿ ಶೇ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಅದರ ಜೊತೆಗೆ ಕಪ್ಪೆಚಿಪ್ಪಿನ ಚೂರನ್ನು ಬೇರೆ ತಟ್ಟೆಯಲ್ಲಿಡಿ, ಬೇಕಾದಷ್ಟು ಕೋಳಿಯೇ ಹೆಕ್ಕಿಕೊಳ್ಳುತ್ತದೆ. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ, ಹಾಗಾಗಿ ಸಂಜೆ ತಟ್ಟೆ ಖಾಲಿ ಇರಬಾರದು. ದನಕ್ಕೆ ಕುಡಿಸುವ ಕ್ಯಾಲ್ಸಿಯಂ ಬಾಟಲಿಗೆ ಸುಮ್ನೆ ದುಡ್ಡು ಹಾಕಬೇಡಿ. ಎಲೆಗೆ ಹಚ್ಚುವ ಸುಣ್ಣವನ್ನಂತೂ ನೀರಿಗೆ ಕಲಸಲೇಬೇಡಿ. ಅಡುಗೆಮನೆಯ ಮೊಟ್ಟೆ ಚಿಪ್ಪು ಹಾಕುವುದಾದರೆ ಹುರಿದು ನುಣ್ಣಗೆ ಪುಡಿ ಮಾಡಿ. ಅರ್ಧ ಓಡನ್ನು ಹಾಗೇ ಎಸೆದರೆ ಮೊಟ್ಟೆ ತಿನ್ನುವ ವಸ್ತು ಅಂತ ನೀವೇ ಪಾಠ ಹೇಳಿಕೊಟ್ಟ ಹಾಗಾಯಿತು.

ಬೇಸಿಗೆಯಲ್ಲಿ ಕೋಳಿ ಬಾಯಿ ಬಿಟ್ಟು ತೇಕುವುದರಿಂದ, ಮೇವು ಸರಿ ಇದ್ದರೂ ಚಿಪ್ಪು ತೆಳುವಾಗುತ್ತದೆ. ನೆರಳು, ತಣ್ಣೀರು ಕೊಡಿ.

ಈಗ ಗೂಡು. ಎಲ್ಲರೂ ಎಡವುವುದು ಇಲ್ಲೇ. ಮೊಟ್ಟೆ ಇಟ್ಟ ತಕ್ಷಣ ಅದು ಕೋಳಿಯ ಕೊಕ್ಕಿಗೆ ಸಿಗದ ಹಾಗೆ ಉರುಳಿ ಹೋಗಬೇಕು. ಒಂದಡಿ ಅಗಲ, ಒಂದೂಕಾಲು ಅಡಿ ಉದ್ದದ ಪ್ಲೈವುಡ್ ಪೆಟ್ಟಿಗೆ ಮಾಡಿಸಿ. ನಾಲ್ಕೈದು ಕೋಳಿಗೆ ಒಂದು ಸಾಕು. ಮುಂದೆ ಬಾಗಿಲು, ಹಿಂದಕ್ಕೆ ಇಳಿಜಾರು. ಹಿಂಭಾಗದ ಹಲಗೆಯ ಕೆಳಗೆ ಎರಡೂವರೆ ಇಂಚು ಸಂದಿ ಬಿಡಿ. ಅದರಾಚೆ ಮುಚ್ಚಳವಿರುವ, ಹಿಂದಕ್ಕೆ ಆರೆಂಟು ಇಂಚು ಚಾಚಿದ ತಟ್ಟೆ ಇರಲಿ. ಸಂದಿಗೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಪರದೆಯಂತೆ ಇಳಿಬಿಡಿ, ಇಲ್ಲವಾದರೆ ಕತ್ತು ತೂರಿಸಿ ಎಳೆದುಕೊಳ್ಳುವ ಜಾಣೆಯರೂ ಇದ್ದಾರೆ.

ಇಳಿಜಾರನ್ನು ಕಣ್ಣಂದಾಜಿನಲ್ಲಿ ಮಾಡಬೇಡಿ. ಅಡಿಗೆ ಒಂದೂವರೆ ಇಂಚಿನಿಂದ ಶುರು ಮಾಡಿ. ಬೇಯಿಸಿದ ಮೊಟ್ಟೆಯನ್ನು ಕೋಳಿ ಕೂರುವ ಜಾಗದಲ್ಲಿಟ್ಟು ಬಿಡಿ. ನಿಂತರೆ ಮುಂದಿನ ಕಾಲಿನಡಿ ತೆಳು ಹಲಗೆ ಕೊಟ್ಟು ಎತ್ತರಿಸಿ. ತಟ್ಟೆಗೆ ಹೋಗಿ ಟಕ್ ಅಂತ ಬಡಿದರೆ ಕಡಿದಾಯಿತು, ಇಳಿಸಿ. ಎರಡು ಇಂಚು ದಾಟುವ ಅಗತ್ಯ ಬರುವುದಿಲ್ಲ. ಮೊಟ್ಟೆ ಚೆಂಡಿನಂತೆ ನೇರ ಉರುಳುವುದಿಲ್ಲ, ಮೊನೆಯ ಕಡೆಗೆ ತಿರುಗಿ ಮೂಲೆ ಸೇರುತ್ತದೆ. ಅಲ್ಲಿ ಸಿಕ್ಕಿಕೊಂಡರೆ ಗೂಡು ಮಾಡಿಯೂ ಪ್ರಯೋಜನವಿಲ್ಲ. ಹಿಂದಿನ ಎರಡೂ ಮೂಲೆಗೆ ಓರೆಯಾಗಿ ಪಟ್ಟಿ ಹೊಡೆದು ಸಂದಿಯ ಕಡೆ ದಾರಿ ಮಾಡಿ. ನೆಲಕ್ಕೆ ಪ್ಲಾಸ್ಟಿಕ್ ಹುಲ್ಲಿನ ಮ್ಯಾಟ್ ಅಂಟಿಸಿ. ಪಾಪ, ಕಾಲಿಗೆ ಚುಚ್ಚುತ್ತದೆ ಅಂತ ಮೇಲೆ ಭತ್ತದ ಹುಲ್ಲು ಹಾಸುವವರು ತುಂಬಾ ಜನ. ಹುಲ್ಲು ಹಾಸಿದರೆ ಮೊಟ್ಟೆ ಅಲ್ಲೇ ನಿಲ್ಲುತ್ತದೆ. ಹುಲ್ಲನ್ನು ತಟ್ಟೆಗೆ ಹಾಕಿ.

ಕೋಳಿ ಹೊಸ ಗೂಡನ್ನು ತಕ್ಷಣ ಒಪ್ಪುವುದಿಲ್ಲ. ಮೊದಲ ನಾಲ್ಕೈದು ದಿನ ಪೆಟ್ಟಿಗೆಯನ್ನು ಮಟ್ಟಸವಾಗಿಡಿ, ರೂಢಿಯಾದ ಮೇಲೆ ಮುಂದಿನ ಭಾಗ ಎತ್ತರಿಸಿ. ಬಾಗಿಲಿಗೆ ಗೋಣಿಚೀಲದ ತುಂಡು ಇಳಿಬಿಟ್ಟು ಒಳಗೆ ಮಬ್ಬು ಮಾಡಿ. ಸೌದೆ ರಾಶಿಯ ಹಿಂದಿನ ಮೂಲೆ, ಹಳೆ ಬುಟ್ಟಿ, ಎಲ್ಲ ಮುಚ್ಚಿ. ಗೂಡಿನೊಳಗೆ ಮರದ ಮೊಟ್ಟೆ ಒಂದಿದ್ದರೆ ಇಲ್ಲೇ ಇಡಬೇಕು ಅಂತ ಅದಕ್ಕೆ ತಿಳಿಯುತ್ತದೆ. ಕುಟುಕಿದರೆ ಕೊಕ್ಕಿಗೂ ಬೇಸರ. ಇಳಿಜಾರಲ್ಲಿ ಅದೂ ಉರುಳುತ್ತದಲ್ಲ, ಕೆಳಗಿನಿಂದ ಸ್ಕ್ರೂ ಹಾಕಿ ಬದಿಯಲ್ಲಿ ಬಿಗಿಯಿರಿ. ಆನ್‌ಲೈನ್‌ನಲ್ಲಿ ಸಿಗುವ ಟೊಳ್ಳು ಪ್ಲಾಸ್ಟಿಕ್ ಮೊಟ್ಟೆ ತರಬೇಡಿ, ಒಂದು ಕುಟುಕಿಗೆ ಹಾರಿ ಹೊರಗೆ ಬೀಳುತ್ತದೆ.

ಗೂಡು ಮಾಡಿಸುವ ತನಕ ಬೆಳಿಗ್ಗೆ ಎರಡು ಮೂರು ಸಲ ಮೊಟ್ಟೆ ಎತ್ತಿಕೊಳ್ಳಿ. ಹೆಚ್ಚಿನವು ಹನ್ನೊಂದರೊಳಗೆ ಇಟ್ಟು ಮುಗಿಸುತ್ತವೆ.

ದಾರ ಕಟ್ಟಿದ ಹೇಂಟೆಯನ್ನು ಒಂದೆರಡು ವಾರ ಬೇರೆ ಇಡಿ. ಅದನ್ನು ನೋಡಿ ಉಳಿದವೂ ಕಲಿಯುತ್ತವೆ. ಗೂಡು, ಮೇವು ಎರಡೂ ಸರಿಯಾದ ಮೇಲೂ ಬಿಡದಿದ್ದರೆ ಸಾರು ಮಾಡಿ. ಗಿರಿರಾಜವಾದರೂ ಅಷ್ಟೇ, ನಾಟಿಯಾದರೂ ಅಷ್ಟೇ. ಒಂದು ಕೋಳಿಯ ಮುಲಾಜಿಗೆ ಗುಂಪನ್ನೇ ಕೆಡಿಸಿಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ.

ಮರಿ ಮಾಡಿಸುವವರಿಗೆ ಮಾತ್ರ ಒಂದು ಮಾತು. ಇಳಿಜಾರು ಗೂಡಿನಲ್ಲಿ ಕಾವು ಕೂರಿಸಲು ಆಗುವುದಿಲ್ಲ. ಎತ್ತಿಟ್ಟ ಮೊಟ್ಟೆಗಳನ್ನು ಮೊನೆ ಕೆಳಗೆ ಮಾಡಿ ತಣ್ಣಗಿನ ಜಾಗದಲ್ಲಿಟ್ಟು, ವಾರದೊಳಗೆ ಕಾವಿಗೆ ಬಂದ ಹೇಂಟೆಯ ಕೆಳಗಿಡಿ. ಕಾವು ಕೂರಿಸಿದ ಬುಟ್ಟಿ ಮಬ್ಬುಗತ್ತಲ ಕೋಣೆಯಲ್ಲಿರಲಿ. ಮರಿ ಒಡೆಯುವವರೆಗಿನ 21 ದಿನವೂ ಬೇರೆ ಕೋಳಿ ಅದರ ಹತ್ತಿರ ಸುಳಿಯದಂತೆ ಬಾಗಿಲು ಹಾಕಿಡಿ.