2 ತಲೆಯಿಂದ 19 ತಲೆಗೆ: ಕ್ಯಾಂಡಿ ಕೇನ್ ಹವಳದೊಂದಿಗೆ ನನ್ನ ಅನುಭವ

ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಸಾಕುವ ಕ್ಯಾಂಡಿ ಕೇನ್ ಹವಳಕ್ಕೆ 'ಹೊಸಬರ ಹವಳ' ಎಂಬ ಹೆಸರಿದೆ. ಆ ಹೆಸರನ್ನು ನಂಬಿ ಮೂರು ಗೊಂಚಲುಗಳನ್ನು ಕಳೆದುಕೊಂಡೆ. ನಾಲ್ಕನೆಯದರಲ್ಲಿ ಎರಡೇ ತಲೆ (ತನ್ನದೇ ಬಾಯಿರುವ ಒಂದೊಂದು ಹವಳ ಜೀವಿ) ಉಳಿದಾಗ, "ತೆಗೆದು ಎಸೆಯಿರಿ, ನೀರು ಕೆಡುತ್ತದೆ" ಎಂದು ಜೊತೆಯ ಹವ್ಯಾಸಿಗಳು ಹೇಳಿದರು. ನನಗೆ ಮನಸ್ಸು ಬರಲಿಲ್ಲ. ಎರಡು ವರ್ಷ ತುಂಬುತ್ತಾ ಬಂದಿದೆ. ಇಂದು ಬೆಳಿಗ್ಗೆ ಎಣಿಸಿದರೆ 19 ತಲೆಗಳಿವೆ.

ಸೋತ ಕಥೆ ಮೊದಲು. ಮೊದಲ ಗೊಂಚಲನ್ನು ಚೆನ್ನಾಗಿ ಕಾಣಲೆಂದು ಬಂಡೆಯ ತುದಿಯಲ್ಲಿಟ್ಟಿದ್ದೆ. ಎರವಲು ತಂದ ಪಾರ್ ಮೀಟರ್ (ಹವಳಕ್ಕೆ ಸಿಗುವ ಬೆಳಕನ್ನು ಅಳೆಯುವ ಸಾಧನ) ಅಲ್ಲಿ 250ರ ಆಸುಪಾಸು ತೋರಿಸುವ ಹೊತ್ತಿಗೆ ಅದು ಬಣ್ಣ ಕಳೆದುಕೊಂಡು ಬೆಳ್ಳಗಾಗಿತ್ತು. ಎರಡನೆಯದು ಪಂಪಿನ ನೇರ ಹೊಡೆತಕ್ಕೆ ಸಿಕ್ಕಿತು. ಮೆದುವಾದ ಮೈ ತನ್ನದೇ ಅಸ್ಥಿಯ ಚೂಪು ಅಂಚಿಗೆ ಉಜ್ಜಿ ಹರಿಯಿತು. ಮೂರನೆಯದರ ಸಾವಿಗೆ ನನ್ನ ಅವಸರವೇ ಕಾರಣ. ಆಲ್ಕಲಿನಿಟಿ (ಹವಳ ಅಸ್ಥಿ ಕಟ್ಟಲು ಬಳಸುವ ಕಾರ್ಬೊನೇಟಿನ ಮಟ್ಟ, ಅದರ ಅಳತೆ ಡಿಕೆಎಚ್) 7ಕ್ಕೆ ಇಳಿದಿದೆಯೆಂದು ಒಂದೇ ರಾತ್ರಿಯಲ್ಲಿ 11 ಡಿಕೆಎಚ್‌ಗೆ ಏರಿಸಿದೆ. ವಾರದೊಳಗೆ ಬುಡದಿಂದ ಮೈ ಸುಲಿಯತೊಡಗಿತು.

ಹಣ ಹೋದದ್ದು ಹವಳಕ್ಕಲ್ಲ, ಸಲಕರಣೆಗೆ. ದೊಡ್ಡ ಎಲ್‌ಇಡಿ ದೀಪ, ಫಾಸ್ಫೇಟ್ ಹೀರುವ ರಿಯಾಕ್ಟರ್, ಬಣ್ಣಬಣ್ಣದ ಬಾಟಲಿಗಳ ಔಷಧ. ಆ ದೀಪವೊಂದರ ಹಣಕ್ಕೆ ಹತ್ತು ಗೊಂಚಲು ಬರುತ್ತಿತ್ತು. ಈಗ ಅದೇ ದೀಪವನ್ನು ಮೂರನೇ ಒಂದು ಭಾಗದ ಶಕ್ತಿಯಲ್ಲಿ ಉರಿಸುತ್ತಿದ್ದೇನೆ. ರಿಯಾಕ್ಟರ್ ಪೆಟ್ಟಿಗೆ ಸೇರಿದೆ.

ನಾಲ್ಕನೆಯ ಗೊಂಚಲು ಸೊರಗಿದ್ದು ನೀರು ಅತಿ ಶುದ್ಧವಾಗಿದ್ದರಿಂದ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಪರೀಕ್ಷೆಯ ಫಲಿತಾಂಶ ನೋಡಿ ನಾನು ಹಿಗ್ಗುತ್ತಿದ್ದೆ, ಹವಳ ಹಸಿದಿತ್ತು. ರಿಯಾಕ್ಟರಿನಿಂದ ಫಾಸ್ಫೇಟ್ ಹೀರುವ ಮೀಡಿಯಾ ತೆಗೆದೆ, ಸ್ಕಿಮ್ಮರ್ (ನೊರೆಯೊಂದಿಗೆ ಕೊಳೆ ತೆಗೆಯುವ ಯಂತ್ರ) ಓಡುವ ಹೊತ್ತನ್ನು ಅರ್ಧಕ್ಕಿಳಿಸಿದೆ, ಮೀನುಗಳಿಗೆ ಆಹಾರ ಹೆಚ್ಚಿಸಿದೆ. ಪಾಚಿ ತುಂಬುತ್ತದೆ ಎಂದು ಎಲ್ಲರೂ ಎಚ್ಚರಿಸಿದರು. ತುಂಬಿತು ಕೂಡ, ಒಂದೂವರೆ ತಿಂಗಳು. ಟರ್ಬೊ ಬಸವನಹುಳುಗಳು ಅದನ್ನು ಮೇದು ಮುಗಿಸಿದವು. ನೈಟ್ರೇಟ್ 10 ಪಿಪಿಎಂ, ಫಾಸ್ಫೇಟ್ 0.05ರ ಸುತ್ತ ನಿಂತ ಮೇಲೆ ಕಂದು ಅಂಚು ಮರಳಿತು, ಆಮೇಲೆ ನಡುವಿನ ಹಸಿರು. ಗೊಂಚಲನ್ನು ತಳಕ್ಕಿಳಿಸಿ ಮರಳಿನ ಪಕ್ಕ, ಪಾರ್ 80ರಷ್ಟಿರುವ ಅರೆನೆರಳಿನಲ್ಲಿಟ್ಟಿದ್ದೆ. ಇವತ್ತಿಗೂ ಅಲ್ಲಿಂದ ಕದಲಿಸಿಲ್ಲ.

ನಿಜವಾದ ಕೆಲಸ ರಾತ್ರಿಯದು. ದೀಪ ಆರಿ ಒಂದು ಗಂಟೆ ಕಳೆದರೆ ಪ್ರತಿ ತಲೆಯ ಸುತ್ತಲೂ ಆಹಾರ ಹಿಡಿಯುವ ಸಣ್ಣ, ಪಾರದರ್ಶಕ ಕೊಂಬುಗಳು ಮೂಡುತ್ತವೆ. ತುದಿಯಲ್ಲಿ ಬಿಳಿ ಚುಕ್ಕೆ. ಆಗ ಪಂಪುಗಳನ್ನೆಲ್ಲ ನಿಲ್ಲಿಸಿ, ಮಂಜು ಕರಗಿಸಿದ ಪುಟ್ಟ ಮೈಸಿಸ್ ಸೀಗಡಿಯನ್ನು ಪಿಪೆಟ್ಟಿನಿಂದ ತಲೆಗೆ ಒಂದರಂತೆ ಇಡುತ್ತೇನೆ. ಕೊಂಬುಗಳು ಒಳಕ್ಕೆ ಬಾಗುತ್ತವೆ, ಬಾಯಿ ಸೀಳಾಗಿ ತೆರೆಯುತ್ತದೆ, ಮೈಸಿಸ್ ನಿಧಾನವಾಗಿ ಒಳಗೆ ಜಾರುತ್ತದೆ. ಹತ್ತು ನಿಮಿಷವಾದರೂ ಬೇಕು. ಅಷ್ಟರಲ್ಲಿ ಟ್ಯಾಂಕಿನಲ್ಲೇ ಇರುವ ಕ್ಲೀನರ್ ಸೀಗಡಿ ಬಂದು ಬಾಯೊಳಗಿನದನ್ನೇ ಕಿತ್ತುಕೊಳ್ಳುತ್ತದೆ. ಪ್ಲಾಸ್ಟಿಕ್ ಬಾಟಲಿಯ ಮೇಲರ್ಧ ಕತ್ತರಿಸಿ ಗೊಂಚಲಿನ ಮೇಲೆ ಕವುಚಿದ ದಿನದಿಂದ ಆ ಕಳ್ಳತನ ನಿಂತಿತು. ವಾರಕ್ಕೆ ಎರಡು ಸಲ ಸಾಕು. ಮೈಸಿಸ್ ಜೊತೆ ಇನ್ನೊಂದು ವಸ್ತು ಬೆರೆಸುತ್ತೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಊಟದಿಂದಲೇ ಬೆಳೆಯಿತೇ ಎಂಬ ಅನುಮಾನ ನನಗೂ ಇತ್ತು. ಎರಡು ಒಂಟಿ ತಲೆಗಳನ್ನು ಕತ್ತರಿಸಿ ಅಕ್ಕಪಕ್ಕ ಅಂಟಿಸಿ, ಒಂದಕ್ಕೆ ಮಾತ್ರ ಉಣಿಸಿದೆ. ಉಣಿಸಿದ್ದು ನಾಲ್ಕು ತಿಂಗಳಲ್ಲಿ ಎರಡಾಯಿತು. ಇನ್ನೊಂದಕ್ಕೆ ಏಳೆಂಟು ತಿಂಗಳು ಹಿಡಿಯಿತು, ಆದರೆ ಬಣ್ಣದಲ್ಲಿ ಏನೂ ಕಡಿಮೆಯಿರಲಿಲ್ಲ. ಒಂದೇ ಜೋಡಿಯ ಮೇಲೆ ಮಾಡಿದ ಪ್ರಯೋಗವಿದು, ಆದರೂ ನನ್ನ ಅನುಮಾನ ಹೋಯಿತು.

ಆಲ್ಕಲಿನಿಟಿಗೆ ಈಗ ಬಾಟಲಿಗಳಿಲ್ಲ, ಸುಣ್ಣದ ತಿಳಿನೀರು. ಆರ್‌ಒ ನೀರಿಗೆ ಲೀಟರಿಗೆ ಒಂದೂವರೆ ಗ್ರಾಂ ಹತ್ತಿರ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹಾಕಿ, ಕದಡಿ, ಮುಚ್ಚಿಟ್ಟು, ಗಸಿ ಕೂತ ಮೇಲೆ ತಿಳಿಯನ್ನಷ್ಟೇ ಆವಿಯಾದ ನೀರಿನ ಬದಲಿಗೆ ರಾತ್ರಿಯಿಡೀ ತೊಟ್ಟಿಕ್ಕಿಸುತ್ತೇನೆ. ರಾತ್ರಿ ಕುಸಿಯುವ ಪಿಎಚ್‌ಗೂ ಅದು ಆಸರೆ. ಖರ್ಚು ಬಾಟಲಿಗಳ ಮುಂದೆ ಲೆಕ್ಕಕ್ಕೇ ಬಾರದಷ್ಟು. 8 ಡಿಕೆಎಚ್ ಇದ್ದರೆ 8ರಲ್ಲೇ ಇರಲಿ. 9ರ ಆಸೆಗೆ ಬಿದ್ದು ಏರಿಳಿಸಬೇಡಿ. ಕ್ಯಾಲ್ಸಿಯಂ 420ರ ಸುತ್ತ ತಾನಾಗಿಯೇ ನಿಂತಿದೆ.

ನೆರೆಯ ವಿಷಯದಲ್ಲಿ ಒಂದೇ ಮಾತು: ಗ್ಯಾಲಾಕ್ಸಿಯಾ ಹವಳವನ್ನು ಇದರ ಹತ್ತಿರ ತರಬೇಡಿ. ಅದರ ಉದ್ದನೆಯ ಕುಟುಕು ಎಳೆಗಳಿಗೆ ನನ್ನದೊಂದು ತಲೆ ಒಂದೇ ರಾತ್ರಿಯಲ್ಲಿ ಅರ್ಧ ಸುಟ್ಟಿತು. ಅಯೋಡಿನ್ ಸ್ನಾನ ಮಾಡಿಸಿ ನೆರಳಿನಲ್ಲಿಟ್ಟೆ. ಉಳಿದರ್ಧ ಮೈ ಮೂರು ತಿಂಗಳಲ್ಲಿ ಬತ್ತಲಾದ ಅಸ್ಥಿಯ ಮೇಲೆ ಮತ್ತೆ ಹಬ್ಬಿತು.

ಹೋದ ತಿಂಗಳು ನಾಲ್ಕು ತಲೆಯ ಒಂದು ಕೊಂಬೆಯನ್ನು, ಮೈಯಿಂದ ಎರಡು ಬೆರಳು ಕೆಳಗೆ, ಕತ್ತರಿಸಿದೆ. ಅದು 'ಎಸೆಯಿರಿ' ಎಂದವರಲ್ಲಿ ಒಬ್ಬರ ಟ್ಯಾಂಕಿನಲ್ಲಿ ಈಗ ಮೈದುಂಬಿಕೊಂಡಿದೆ. ನನ್ನ 19ರಲ್ಲಿ ಆ ನಾಲ್ಕನ್ನು ಎಣಿಸಿಲ್ಲ. ಎಡಗಡೆಯ ದಪ್ಪ ತಲೆಯಲ್ಲಿ ನಿನ್ನೆ ರಾತ್ರಿ ಎರಡು ಬಾಯಿ ಕಂಡವು. 20ಕ್ಕೆ ಹೆಚ್ಚು ದಿನ ಬೇಕಾಗಲಿಕ್ಕಿಲ್ಲ.