ಊರ ನಡುವಿನ ಮೇನ್ ರೋಡ್ ದಾಟಲು ಸರಿಯಾದ ಜಾಗ ಮಾಡಿಸಿಕೊಳ್ಳುವುದು ಹೇಗೆ

ನಮ್ಮೂರು ಬಿ.ಎಚ್. ರಸ್ತೆಯ, ಅಂದರೆ ಬೆಂಗಳೂರು-ಹೊನ್ನಾವರ ರಸ್ತೆಯ ಮೇಲಿದೆ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ ಅಂತ ಸಾಲು ಸಾಲು ಊರುಗಳನ್ನು ಸೀಳಿಕೊಂಡು ಹೊನ್ನಾವರಕ್ಕೆ ಹೋಗುವ ರಸ್ತೆ ಇದು. ಬಸ್ ಸ್ಟಾಂಡು, ಸಂತೆ ಒಂದು ಕಡೆ, ಶಾಲೆ, ಆಸ್ಪತ್ರೆ ಇನ್ನೊಂದು ಕಡೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಬಂದು ನೋಡಬೇಕು, ಒಂದು ಕೈಯಲ್ಲಿ ಮಗುವಿನ ರಟ್ಟೆ, ಇನ್ನೊಂದು ಕೈ ಲಾರಿಯ ಕಡೆಗೆ ಅಡ್ಡ, ಅರ್ಧ ರಸ್ತೆ ದಾಟಿ ನಡುವೆ ನಿಂತು ಎರಡೂ ಕಡೆ ಕತ್ತು ಹೊರಳಿಸುತ್ತಾ ಜನ ಕಾಯುತ್ತಿರುತ್ತಾರೆ.

ನಾವು ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. "ದಯವಿಟ್ಟು ಜೀಬ್ರಾ ಕ್ರಾಸಿಂಗ್ ಹಾಕಿಸಿಕೊಡಿ" ಅಂತ ಎರಡು ಸಾಲಿನ ಮನವಿ ಬರೆದು, ಐವತ್ತು ಸಹಿ ಹಾಕಿಸಿ ಕೊಟ್ಟೆವು. ಹಾಕಿದರು! ಆದರೆ ಜನ ದಾಟುವ ಜಾಗದಿಂದ ಎಪ್ಪತ್ತು ಹೆಜ್ಜೆ ಆಚೆ. ಪಟ್ಟೆ ಮುಗಿಯುವಲ್ಲಿ ಒಂದು ಬದಿ ತೆರೆದ ಚರಂಡಿ, ಇನ್ನೊಂದು ಬದಿ ಟ್ರಾನ್ಸ್‌ಫಾರ್ಮರ್. ಮಳೆಗಾಲ ಮುಗಿಯುವಷ್ಟರಲ್ಲಿ ಬಣ್ಣವೂ ಹೋಯಿತು. ಬೈಯುವುದಕ್ಕೂ ಆಗಲಿಲ್ಲ, ನಾವು ಕೇಳಿದ್ದನ್ನೇ ತಾನೇ ಅವರು ಕೊಟ್ಟಿದ್ದು. ಹಾಗಾಗಿ ಏನು ಕೇಳಬೇಕು ಅಂತ ಮೊದಲು ತಿಳಿದುಕೊಳ್ಳಿ, ಅರ್ಜಿ ಆಮೇಲೆ.

ಮೊದಲ ಕೆಲಸ ಸುಮ್ನೆ ನಿಂತು ನೋಡುವುದು. ಒಂದು ಮಾಮೂಲಿ ದಿನ, ಒಂದು ಸಂತೆ ದಿನ. ಶಾಲೆ ಬಿಡುವ ಹೊತ್ತು, ಆಫೀಸು ಬಿಡುವ ಹೊತ್ತು. ಜನ ನಿಜವಾಗಿ ಎಲ್ಲಿ ದಾಟುತ್ತಾರೆ ಅಂತ ಒಂದು ಹಾಳೆಯ ಮೇಲೆ ಗೆರೆ ಎಳೆಯಿರಿ. ಡಿವೈಡರ್‌ನಲ್ಲಿ ಎಲ್ಲಿ ಕಲ್ಲು ಸವೆದಿದೆ, ಎಲ್ಲಿ ಕಂಬಿ ಬಗ್ಗಿದೆ ನೋಡಿ. ಅದೇ ನಿಮ್ಮ ಊರಿನ ಕ್ರಾಸಿಂಗ್. ಜನ ಐವತ್ತು ಮೀಟರ್ ಸುತ್ತಿಕೊಂಡು ಬರುವುದಿಲ್ಲ, ಬಿಸಿಲಲ್ಲಿ ತರಕಾರಿ ಚೀಲ ಹಿಡಿದವರಂತೂ ಬರುವುದೇ ಇಲ್ಲ. ಅವರನ್ನು ಬುದ್ಧಿಯಿಲ್ಲದವರು ಅನ್ನುವುದಕ್ಕಿಂತ ಪಟ್ಟೆಯನ್ನೇ ಅವರ ದಾರಿಗೆ ತರುವುದು ಸುಲಭ.

ಆಮೇಲೆ ಎಣಿಕೆ. ಇಬ್ಬರು ಸಾಕು. ಒಬ್ಬರು ದಾಟುವ ಜನರನ್ನು, ಇನ್ನೊಬ್ಬರು ಎರಡೂ ಕಡೆಯ ವಾಹನಗಳನ್ನು ಒಂದು ಗಂಟೆ ಗೀಟು ಹಾಕುತ್ತಾ ಎಣಿಸಬೇಕು. ಕೈಗೆ ಸಿಗದಷ್ಟು ವಾಹನ ಇದ್ದರೆ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ಮನೆಯಲ್ಲಿ ಕೂತು ಎಣಿಸಿ. ಇಂಜಿನಿಯರುಗಳ ಬಳಿ ಇದಕ್ಕೊಂದು ಹಳೆಯ ಲೆಕ್ಕ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಅನ್ನುವ ಪಾದಚಾರಿ ಮಾರ್ಗಸೂಚಿಯಿಂದ ಬಂದದ್ದು. ಗಂಟೆಗೆ ಎಷ್ಟು ವಾಹನವೋ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ದಾಟುವವರ ಸಂಖ್ಯೆಯಿಂದ ಗುಣಿಸಿ. ಡಿವೈಡರ್ ಇಲ್ಲದ ರಸ್ತೆಯಲ್ಲಿ 10 ಕೋಟಿ ಮೀರಿದರೆ, ಡಿವೈಡರ್ ಇದ್ದರೆ 20 ಕೋಟಿ ಮೀರಿದರೆ, ಅಲ್ಲಿ ದಾಟುವ ವ್ಯವಸ್ಥೆ ಬೇಕು ಅಂತ ಅರ್ಥ. ಉದಾಹರಣೆಗೆ 700 ವಾಹನ, 300 ಜನ. 700ನ್ನು 700ರಿಂದ ಗುಣಿಸಿದರೆ 4 ಲಕ್ಷ 90 ಸಾವಿರ, ಅದನ್ನು 300ರಿಂದ ಗುಣಿಸಿದರೆ 14 ಕೋಟಿ 70 ಲಕ್ಷ. ದಾಟಿತಲ್ಲ! ಸಣ್ಣ ಊರಿನ ಬಸ್ ಸ್ಟಾಂಡ್ ಮುಂದೆಯೂ ಈ ಅಂಕಿ ಸುಲಭವಾಗಿ ಬರುತ್ತದೆ. ವಾಹನವನ್ನು ಯಾಕೆ ಎರಡು ಸಲ ಗುಣಿಸುತ್ತಾರೆ ಅಂದರೆ, ವಾಹನ ಇಮ್ಮಡಿ ಆದಾಗ ದಾಟುವಷ್ಟು ದೊಡ್ಡ ಸಂದಿ ಸಿಗುವುದು ಅರ್ಧಕ್ಕಿಂತಲೂ ಎಷ್ಟೋ ಕಡಿಮೆಯಾಗುತ್ತದೆ.

ಇನ್ನೊಂದು ಕಾಲಂ ಇರಲಿ: ಸ್ವಲ್ಪದರಲ್ಲಿ ತಪ್ಪಿದ್ದು. ಬ್ರೇಕ್ ಕಿರುಚಿದ್ದು, ಜನ ಹಿಂದಕ್ಕೆ ಹಾರಿದ್ದು, ನಡುರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿದ್ದು. ಇದು ಯಾಕೆ ಮುಖ್ಯ ಗೊತ್ತಾ? ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ಜಾಗ ಬ್ಲ್ಯಾಕ್ ಸ್ಪಾಟ್, ಅಂದರೆ ಪದೇ ಪದೇ ಅಪಘಾತ ಆಗುವ ಜಾಗ ಅನಿಸಿಕೊಳ್ಳಬೇಕಾದರೆ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷದೊಳಗೆ ಸಾವು ಇಲ್ಲವೇ ತೀವ್ರ ಗಾಯದ 5 ಅಪಘಾತ ಆಗಿರಬೇಕು, ಅಥವಾ 10 ಜನ ಸತ್ತಿರಬೇಕು. ನಾವು ಅಲ್ಲಿಯವರೆಗೆ ಕಾಯುವುದಾ? 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದ 1,68,491 ಜನರಲ್ಲಿ 32,825 ಜನ ನಡೆದುಹೋಗುತ್ತಿದ್ದವರು. ಹೆಚ್ಚುಕಡಿಮೆ ಐವರಲ್ಲಿ ಒಬ್ಬರು.

ರಸ್ತೆ ಯಾರದ್ದು ಅಂತ ಹುಡುಕುವುದು ಬೇಜಾರಿನ ಕೆಲಸ, ಆದರೆ ತಪ್ಪಿಸುವ ಹಾಗಿಲ್ಲ. ಪುರಸಭೆ ರಸ್ತೆಯಾದರೆ ಪುರಸಭೆ, ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ, ರಾಷ್ಟ್ರೀಯ ಹೆದ್ದಾರಿಯಾದರೆ ಆ ಇಲಾಖೆಯ ಎನ್‌ಎಚ್ ವಿಭಾಗ ಅಥವಾ ಹೆದ್ದಾರಿ ಪ್ರಾಧಿಕಾರ. ಬೈಪಾಸ್ ಆದ ಊರುಗಳಲ್ಲಿ ಹಳೇ ರಸ್ತೆ ಯಾರ ಕೈಲಿದೆ ಅನ್ನುವುದು ಅವರಿಗೇ ಗೊತ್ತಿರುವುದಿಲ್ಲ. ಬಾಯಿಮಾತಿಗೆ ಒಬ್ಬರು ಇನ್ನೊಬ್ಬರನ್ನು ತೋರಿಸಿದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು ಅನ್ನುವುದು ನೆನಪಿರಲಿ, ಉದ್ದ ಬರೆದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ.

ಈಗ ಮುಖ್ಯ ವಿಷಯ. ಕೇಳಬೇಕಾದದ್ದು ಬಣ್ಣವನ್ನಲ್ಲ, ವೇಗ ಇಳಿಸುವುದನ್ನು. ಗಂಟೆಗೆ 60 ಕಿ.ಮೀ. ವೇಗದ ಕಾರು ಡ್ರೈವರ್ ಕಣ್ಣಿಗೆ ಜನ ಬಿದ್ದ ಮೇಲೂ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಬಂದಿರುತ್ತದೆ, ಬ್ರೇಕ್ ಚೆನ್ನಾಗಿದ್ದು ರಸ್ತೆ ಒಣಗಿದ್ದರೂ ನಿಲ್ಲುವಷ್ಟರಲ್ಲಿ 35 ಮೀಟರ್ ಮೀರುತ್ತದೆ. ಅದೇ ಕಾರು 30ರಲ್ಲಿದ್ದರೆ 14 ಮೀಟರಿಗೆಲ್ಲ ನಿಂತಿರುತ್ತದೆ. ಕಾರಿನ ವೇಗ 50ರಿಂದ 65ಕ್ಕೆ ಹೋಗುವಷ್ಟರಲ್ಲಿ ಅದು ಬಡಿದಾಗ ಸಾಯುವ ಸಾಧ್ಯತೆ ನಾಲ್ಕೂವರೆ ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಬರೀ ಬಿಳಿ ಪಟ್ಟೆ ಯಾವ ಲಾರಿಯನ್ನೂ ನಿಲ್ಲಿಸುವುದಿಲ್ಲ.

ಪುರಸಭೆ ಅಥವಾ ಜಿಲ್ಲಾ ರಸ್ತೆಯಾದರೆ ಎತ್ತರಿಸಿದ ಕ್ರಾಸಿಂಗ್ ಕೇಳಿ, ಟೇಬಲ್ ಟಾಪ್ ಅಂತಾರಲ್ಲ ಅದು. ಫುಟ್‌ಪಾತ್ ಮಟ್ಟಕ್ಕೇ ರಸ್ತೆ ಎದ್ದು ಬರುತ್ತದೆ, ಜನ ಇಳಿದು ಹತ್ತಬೇಕಿಲ್ಲ, ಗಾಡಿ ತಾನಾಗಿ ನಿಧಾನವಾಗುತ್ತದೆ. ಅದು ಆಗಲ್ಲ ಅಂದರೆ ಪಟ್ಟೆಗೆ ಸ್ವಲ್ಪ ಮುಂಚೆ ಹಂಪ್. ಹಂಪ್‌ಗೂ ಅಳತೆ ಇದೆ: ಅಗಲ 3.7 ಮೀಟರ್, ನಡುವೆ ಎತ್ತರ 10 ಸೆಂಟಿಮೀಟರ್, ಗಂಟೆಗೆ 25 ಕಿ.ಮೀ.ಯಲ್ಲಿ ಹೋದರೆ ಸೊಂಟಕ್ಕೆ ಏಟಾಗದ ಹಾಗೆ. ನಮ್ಮ ಕಡೆ ಹಾಕುವ ಡಾಂಬರಿನ ಗುಡ್ಡೆ ಇದಲ್ಲ! ಬೇಸತ್ತು ನೀವೇ ರಾತ್ರೋರಾತ್ರಿ ಮಣ್ಣು, ಕಲ್ಲು ಸುರಿದು ಹಂಪ್ ಮಾಡುವ ಕೆಲಸಕ್ಕಂತೂ ಕೈ ಹಾಕಬೇಡಿ. ಬಣ್ಣ, ಬೋರ್ಡು ಇಲ್ಲದ ಹಂಪ್‌ಗೆ ಕತ್ತಲಲ್ಲಿ ಬೈಕಿನವರು ಬೀಳುತ್ತಾರೆ.

ರಾಷ್ಟ್ರೀಯ ಹೆದ್ದಾರಿಯಾದರೆ "ಇಲ್ಲಿ ಹಂಪ್ ಹಾಕುವ ಹಾಗಿಲ್ಲ" ಅಂತ ಹೇಳುತ್ತಾರೆ. ಅದು ಸುಳ್ಳಲ್ಲ, ಹೆದ್ದಾರಿಗಳಿಂದ ಹಂಪ್ ತೆಗೆಯಿರಿ ಅಂತ ಕೇಂದ್ರವೇ ಹೇಳಿದೆ. ಅಲ್ಲಿಗೆ ಮಾತು ಮುಗಿಯಿತು ಅಂದುಕೊಂಡು ಎದ್ದು ಬರಬೇಡಿ. ದಡದಡ ಅನ್ನುವ ರಂಬಲ್ ಪಟ್ಟಿ ಕೇಳಿ, ಜನ ಒತ್ತುವ ಬಟನ್ ಇರುವ ಸಿಗ್ನಲ್ ಕೇಳಿ, ಊರೊಳಗಿನ ವೇಗದ ಮಿತಿ ಇಳಿಸಲು ಕೇಳಿ. ಕೇಂದ್ರದ 2018ರ ಅಧಿಸೂಚನೆ ಪ್ರಕಾರ ಪುರಸಭೆ ವ್ಯಾಪ್ತಿಯಲ್ಲಿ ಕಾರಿಗೆ 70, ಬೈಕಿಗೆ 60 ಗರಿಷ್ಠ, ಅದಕ್ಕಿಂತ ಇಳಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್‌ನಲ್ಲಿ ರಾಜ್ಯಕ್ಕಿದೆ. ಶಾಲೆ ಮುಂದೆ 70 ಅಂದರೆ ಏನು ಹೇಳೋಣ!

ಎರಡೂ ಕಡೆ ಸೇರಿ 14 ಮೀಟರ್ ಅಗಲದ ರಸ್ತೆಯನ್ನು ನಾನು ನೀವು 12 ಸೆಕೆಂಡಿನಲ್ಲಿ ದಾಟಬಹುದು. ಮಂಡಿನೋವಿನ ಅಜ್ಜಿಗೆ 18 ಸೆಕೆಂಡಾದರೂ ಬೇಕು. ಆದ್ದರಿಂದ ನಡುವೆ ನಿಲ್ಲುವ ಜಾಗ ಬೇಕೇ ಬೇಕು. ಡಿವೈಡರ್ ಕಡಿದು ಬಿಟ್ಟ ಸಂದಿಯನ್ನು ನಿಲ್ಲುವ ಜಾಗ ಅನ್ನುವುದಿಲ್ಲ. ದಾಟುವ ದಿಕ್ಕಿನಲ್ಲಿ ಕಡಿಮೆಯೆಂದರೂ 1.2 ಮೀಟರ್ ಜಾಗ ಇರಬೇಕು, ಸೈಕಲ್ ಅಥವಾ ವೀಲ್‌ಚೇರ್ ಹಿಡಿದವರೂ ನಿಲ್ಲಬೇಕಾದರೆ 2 ಮೀಟರ್ ಕೇಳಿ. ನನ್ನ ಪ್ರಕಾರ ಹಣ ಒಂದಕ್ಕೇ ಇದೆ ಅಂದರೆ ಇದನ್ನೇ ಮಾಡಿಸಿಕೊಳ್ಳಬೇಕು, ಯಾಕೆಂದರೆ ಒಂದು ಸಲಕ್ಕೆ ಒಂದು ಕಡೆಯಷ್ಟೇ ನೋಡಿದರೆ ಸಾಕಾಗುತ್ತದೆ.

ಸಣ್ಣದಾಗಿ ಕಾಣುವ ಇನ್ನೆರಡು ಮೂರು ಇವೆ. ಬಸ್ ನಿಲ್ಲುವ ಜಾಗ ಪಟ್ಟೆ ದಾಟಿದ ಮೇಲಿರಬೇಕು, ಆಗ ಜನ ಬಸ್ಸಿನ ಹಿಂದಿನಿಂದ ದಾಟುತ್ತಾರೆ. ಪಟ್ಟೆಗೆ ಮುಂಚೆ ಬಸ್ ನಿಂತರೆ ಅದರ ಮುಂದಿನಿಂದ ಹೊರಬರುವ ಮಗು ಪಕ್ಕದ ಲೇನಿನಲ್ಲಿ ನುಗ್ಗುವ ಬೈಕಿನವನಿಗೆ ಕಾಣುವುದೇ ಇಲ್ಲ. ಅದೇ ಕಾರಣಕ್ಕೆ ಪಟ್ಟೆಯ ಅಕ್ಕಪಕ್ಕ ಪಾರ್ಕಿಂಗ್, ಫ್ಲೆಕ್ಸು, ತಳ್ಳುಗಾಡಿ ಇರಬಾರದು. ಗಾಡಿಯವರನ್ನು ಓಡಿಸಬೇಕಿಲ್ಲ, ನಮ್ಮಲ್ಲಿ ಎಳನೀರಿನವರ ಜೊತೆ ಮಾತಾಡಿದ್ದಕ್ಕೆ ಅವರೇ ಹದಿನೈದು ಅಡಿ ಪಕ್ಕಕ್ಕೆ ಹೋದರು. ಬೀದಿದೀಪ ಪಟ್ಟೆಯ ನೆತ್ತಿಯ ಮೇಲಲ್ಲ, ಗಾಡಿ ಬರುವ ಕಡೆಗೆ ಸ್ವಲ್ಪ ಮುಂಚೆ ಇರಬೇಕು, ಆಗ ದಾಟುವವರ ಮೈ ಮೇಲೆ ಬೆಳಕು ಬೀಳುತ್ತದೆ. ಪಟ್ಟೆಗೆ ಮಾಮೂಲಿ ಪೇಂಟ್ ಬೇಡ, ಗಾಜಿನ ಮಣಿ ಬೆರೆಸಿ ಬಿಸಿ ಮಾಡಿ ಹಾಕುವ ಥರ್ಮೋಪ್ಲಾಸ್ಟಿಕ್ ಅಂತ ಮನವಿಯಲ್ಲೇ ಬರೆಯಿರಿ.

ಈ ಹಂತದಲ್ಲಿ ಯಾರಾದರೂ ಖಂಡಿತ ಸ್ಕೈವಾಕ್ ಮಾತು ತೆಗೆಯುತ್ತಾರೆ. ಬೇಡ ಅನ್ನಿ. ಲಾರಿ ಹೋಗಲು 5.5 ಮೀಟರ್ ಎತ್ತರ ಬಿಡಬೇಕು, ಅಂದರೆ ಮೂವತ್ತೈದಕ್ಕೂ ಜಾಸ್ತಿ ಮೆಟ್ಟಿಲು ಹತ್ತಿ ಅಷ್ಟನ್ನೇ ಇಳಿಯಬೇಕು. ಲಿಫ್ಟ್ ಇಟ್ಟರೂ ನಡೆಯುವುದು ಉದ್ಘಾಟನೆಯ ವಾರ ಮಾತ್ರ. ಆಮೇಲೆ ಅದು ಜಾಹೀರಾತಿನ ಬೋರ್ಡು, ಜನ ಕೆಳಗಿನಿಂದಲೇ ದಾಟುತ್ತಾರೆ.

ಮನವಿ ಒಂದೇ ಪುಟ ಇರಲಿ. ಎಣಿಕೆಯ ಹಾಳೆ, ನಕ್ಷೆ, ನಾಲ್ಕು ಫೋಟೋ ಲಗತ್ತಿಸಿ. ರಸ್ತೆಯ ಒಡೆಯರಿಗೆ ಒಂದು, ಪೊಲೀಸ್ ಠಾಣೆಗೆ ಒಂದು, ಜಿಲ್ಲಾಧಿಕಾರಿಗೆ ಒಂದು, ಯಾಕೆಂದರೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅವರೇ ಅಧ್ಯಕ್ಷರು, ಮುಂದಿನ ಸಭೆಯಲ್ಲಿ ವಿಷಯ ಇಡಿ ಅಂತ ಸ್ಪಷ್ಟವಾಗಿ ಕೇಳಿ. ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಉತ್ತರ ಬರದಿದ್ದರೆ ಸರ್ಕಾರದ 1902 ಸಹಾಯವಾಣಿಯಲ್ಲಿ ದೂರು ದಾಖಲಿಸಿ ನಂಬರ್ ಬರೆದುಕೊಳ್ಳಿ. ರಸ್ತೆಯ ವಿನ್ಯಾಸ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು, ಅಂಗವೈಕಲ್ಯ ಆದರೆ ಹೊಣೆಗಾರರಿಗೆ ಒಂದು ಲಕ್ಷದವರೆಗೆ ದಂಡ ಅಂತ ಮೋಟಾರು ವಾಹನ ಕಾಯ್ದೆಯ 198ಎ ಸೆಕ್ಷನ್ ಹೇಳುತ್ತದೆ. ಅದನ್ನು ಬೆದರಿಕೆಯ ಹಾಗೆ ಅಲ್ಲ, ಕೊನೆಯಲ್ಲಿ ಒಂದೇ ಸಾಲಿನಲ್ಲಿ ನೆನಪಿಸಿ. ನಮ್ಮ ಎರಡನೇ ಮನವಿಯನ್ನು ಇಂಜಿನಿಯರ್ ಪೂರ್ತಿ ಓದಿದ್ದು ಎಣಿಕೆಯ ಹಾಳೆ ಇತ್ತು ಅನ್ನುವ ಒಂದೇ ಕಾರಣಕ್ಕೆ ಅನಿಸುತ್ತದೆ.

ಕೆಲಸ ಶುರುವಾದ ದಿನ ಅಲ್ಲಿ ಯಾರಾದರೂ ಇರಿ. ಗುತ್ತಿಗೆದಾರರ ಹುಡುಗರಿಗೆ ಜಾಗ ತೋರಿಸುವವರು ಇಲ್ಲದಿದ್ದರೆ ಪಟ್ಟೆ ಮತ್ತೆ ಚರಂಡಿಗೇ ಹೋಗಿ ಮುಟ್ಟುತ್ತದೆ. ಒಂದು ತಿಂಗಳು ಬಿಟ್ಟು ವಾರದ ಅದೇ ದಿನ, ಅದೇ ಗಂಟೆಯಲ್ಲಿ ಇನ್ನೊಮ್ಮೆ ಎಣಿಸಿ, ಒಂದು ಸಲ ರಾತ್ರಿ ಎಂಟಕ್ಕೂ ಹೋಗಿ ನೋಡಿ. ನಮ್ಮಲ್ಲಿ ನಡುವೆ ನಿಲ್ಲುವ ಜಾಗ ಬಂದಿದೆ, ದೀಪ ಬಂದಿದೆ. ಆಸ್ಪತ್ರೆ ಕಡೆ ಫುಟ್‌ಪಾತ್‌ಗೆ ಇಳಿಜಾರು ಮಾತ್ರ ಇನ್ನೂ ಮಾಡಿಲ್ಲ, ಅದರ ಅರ್ಜಿ ಟಪಾಲಿನಲ್ಲಿದೆ.