ಗುಡ್ಡದ ಊರಿನಲ್ಲಿ ನೆಲ ಕೊರೆಯುವ ಮುನ್ನ: ಅಪಾಯದ ನಕ್ಷೆ ಬರೆಯುವುದು ಹೇಗೆ?

ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಸಾಲಿನ ಬುಡದಲ್ಲಿ ಸ್ಟೌಫೆನ್ ಎಂಬ ಪುಟ್ಟ ಊರಿದೆ. 2007ರಲ್ಲಿ ಅಲ್ಲಿನ ಹಳೆಯ ಪುರಭವನವನ್ನು ನವೀಕರಿಸಿದಾಗ, ಚಳಿಗಾಲದಲ್ಲಿ ಕಟ್ಟಡವನ್ನು ಬೆಚ್ಚಗಿಡಲು ನೆಲದ ಶಾಖವನ್ನೇ ಬಳಸೋಣವೆಂದು 140 ಮೀಟರ್ ಆಳದ ಏಳು ರಂಧ್ರಗಳನ್ನು ಕೊರೆಸಿದರು. ಕೆಲವೇ ವಾರಗಳಲ್ಲಿ ಗೋಡೆಗಳು ಬಿರಿಯತೊಡಗಿದವು. ಊರಿನ ನಡುಭಾಗದ ನೆಲ ಹೋಳಿಗೆಯಂತೆ ಉಬ್ಬುತ್ತಿತ್ತು, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಲೆಕ್ಕದಲ್ಲಿ. ಇನ್ನೂರೈವತ್ತಕ್ಕೂ ಹೆಚ್ಚು ಕಟ್ಟಡಗಳಿಗೆ ಹಾನಿಯಾಯಿತು.

ಆಲ್ಪ್ಸ್ ಮತ್ತು ಅದರ ಆಸುಪಾಸಿನ ಊರುಗಳಲ್ಲಿ ಈ ಬಗೆಯ ರಂಧ್ರಗಳು ಅಪರೂಪವೇನಲ್ಲ. ಹತ್ತು ಹದಿನೈದು ಮೀಟರ್ ಕೆಳಗಿಳಿದರೆ ನೆಲದ ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ರಂಧ್ರದೊಳಗೆ ಯು ಆಕಾರದ ಪ್ಲಾಸ್ಟಿಕ್ ಕೊಳವೆ ಇಳಿಸಿ, ಸುತ್ತಲೂ ಸಿಮೆಂಟ್ ಗಾರೆ ತುಂಬಿ, ಕೊಳವೆಯಲ್ಲಿ ದ್ರವವನ್ನು ಸುತ್ತಿಸಿದರೆ ಅದು ಹೊತ್ತು ತರುವ ಶಾಖವನ್ನು ಹೀಟ್ ಪಂಪ್ ಮನೆಗೆ ಒದಗಿಸುತ್ತದೆ. ಶಾಖ ಎಲ್ಲ ಕಡೆಯೂ ಇದೆ. ಹಾಗಾಗಿ ಎಲ್ಲಿ ಕೊರೆಯಬಾರದು, ಕೊರೆದರೂ ಎಷ್ಟು ಆಳಕ್ಕೆ ನಿಲ್ಲಿಸಬೇಕು ಎಂದು ಹೇಳುವ ನಕ್ಷೆಯೇ ಮೊದಲು ಬೇಕು. ಅದನ್ನು ಸಿದ್ಧಪಡಿಸುವ ಕ್ರಮ ಹೀಗಿದೆ.

ಮೊದಲು, ಶತ್ರುಗಳ ಪಟ್ಟಿ

ಸ್ಟೌಫೆನ್‌ನ ಶತ್ರು ಆನ್‌ಹೈಡ್ರೈಟ್. ಕಡಲೆಕಾಯಿ ಬೆಳೆಯುವ ನಮ್ಮ ರೈತರು ಹೊಲಕ್ಕೆ ಹಾಕುವ ಜಿಪ್ಸಮ್ ಗೊತ್ತಲ್ಲ, ಅದರ ನೀರಿಲ್ಲದ ರೂಪ ಇದು. ನೀರು ಸೋಕಿದರೆ ಮತ್ತೆ ಜಿಪ್ಸಮ್ ಆಗುತ್ತದೆ. ಆಗ ಗಾತ್ರ ಶೇ 60ರಷ್ಟು ಹಿಗ್ಗುತ್ತದೆ. ಸ್ಟೌಫೆನ್‌ನಲ್ಲಿ ಈ ಪದರ ಸುಮಾರು 60ರಿಂದ 100 ಮೀಟರ್ ಆಳದಲ್ಲಿ ಒಣಗಿ ಕುಳಿತಿತ್ತು. ಅದರ ಕೆಳಗೆ ಒತ್ತಡ ತುಂಬಿದ ಅಂತರ್ಜಲ. ರಂಧ್ರಗಳು ಎರಡನ್ನೂ ಹಾದುಹೋದವು, ಗಾರೆ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ, ನೀರು ಮೇಲೇರಿ ಪದರವನ್ನು ಸೇರಿತು. ಕಲ್ಲು ಮೊದಲೂ ಇತ್ತು, ನೀರೂ ಇತ್ತು. ಅವೆರಡನ್ನು ಭೇಟಿ ಮಾಡಿಸಿದ್ದು ರಂಧ್ರ.

ಎರಡನೆಯ ಶತ್ರು ಆ ಒತ್ತಡದ ನೀರೇ. ಬೆಟ್ಟದ ನೆತ್ತಿಯಲ್ಲಿ ಇಂಗಿದ ಮಳೆ ಕಣಿವೆಯ ಜೇಡಿಪದರದ ಕೆಳಗೆ ಸೆರೆಯಾಗಿರುತ್ತದೆ. ಮನೆಯ ಮೇಲಿನ ಟ್ಯಾಂಕಿನ ನೀರು ಕೆಳಗಿನ ನಲ್ಲಿಯಲ್ಲಿ ರಭಸದಿಂದ ಬರುವಂತೆ, ಜೇಡಿಯನ್ನು ತೂತು ಮಾಡಿದೊಡನೆ ಚಿಮ್ಮುತ್ತದೆ. ಕೊಳವೆಬಾವಿಯಲ್ಲಿ ನೀರು ಚಿಮ್ಮಿದರೆ ನಮ್ಮಲ್ಲಿ ಪೂಜೆ ಮಾಡುತ್ತಾರೆ, ಅಲ್ಲಿ ಅಗ್ನಿಶಾಮಕ ದಳವನ್ನು ಕರೆಯುತ್ತಾರೆ. ಟೌನಸ್ ಬೆಟ್ಟದ ಬುಡದಲ್ಲಿರುವ ವೀಸ್‌ಬಾಡೆನ್ ನಗರದಲ್ಲಿ 2009ರಲ್ಲಿ ಇದೇ ಕೆಲಸಕ್ಕೆಂದು ಕೊರೆದ ರಂಧ್ರದಿಂದ ನೀರು ಬುಗ್ಗೆಯಾಗಿ ಎದ್ದಿತ್ತು.

ಉಳಿದವು: ಸುಣ್ಣಕಲ್ಲಿನೊಳಗಿನ ಪೊಳ್ಳು, ಜಾರುವ ಇಳಿಜಾರು, ನೈಸರ್ಗಿಕ ಅನಿಲ, ಒಳ್ಳೆಯ ನೀರಿನ ಪದರಕ್ಕೆ ಉಪ್ಪುನೀರು ಬೆರೆಯುವ ಸಾಧ್ಯತೆ.

ಹಳೆಯ ರಂಧ್ರಗಳ ಜಾತಕ

ಆ ಪ್ರದೇಶದಲ್ಲಿ ಹಿಂದೆ ನೀರಿಗೆ, ರಸ್ತೆಗೆ, ಸುರಂಗಕ್ಕೆ ಕೊರೆದ ಪ್ರತಿ ರಂಧ್ರದ ದಾಖಲೆಯನ್ನೂ ಸಂಗ್ರಹಿಸಿ. ಜರ್ಮನಿಯಲ್ಲಿ ಕೊರೆತದ ಮಾಹಿತಿಯನ್ನು ರಾಜ್ಯದ ಭೂವಿಜ್ಞಾನ ಇಲಾಖೆಗೆ ಕೊಡಲೇಬೇಕು. ನಮ್ಮಲ್ಲಿ ಬೋರ್‌ವೆಲ್ ಕೊರೆಸಿದವನ ಬಳಿ ಉಳಿಯುವುದು ಸಾಮಾನ್ಯವಾಗಿ ಬಿಲ್ಲು ಮಾತ್ರ: ಇಷ್ಟು ಅಡಿ, ಇಷ್ಟು ಕೇಸಿಂಗ್. ಯಾವ ಅಡಿಯಲ್ಲಿ ಯಾವ ಕಲ್ಲು ಸಿಕ್ಕಿತೆಂಬುದು ಲಾರಿಯವರೊಂದಿಗೇ ಹೊರಟುಹೋಗುತ್ತದೆ.

ದಾಖಲೆ ಇದ್ದರೂ ಕುರುಡಾಗಿ ನಂಬುವಂತಿಲ್ಲ. ಒಬ್ಬ ‘ಬೂದು ಕಲ್ಲು’ ಎಂದು ಬರೆದದ್ದನ್ನೇ ಮತ್ತೊಬ್ಬ ‘ಗಟ್ಟಿ ಜೇಡಿ’ ಎಂದಿರುತ್ತಾನೆ. ಎಲ್ಲವನ್ನೂ ಒಂದೇ ಪದಪಟ್ಟಿಗೆ ತನ್ನಿ. ಬೇಸರದ ಕೆಲಸ, ತಿಂಗಳುಗಳೇ ಹಿಡಿಯುತ್ತವೆ. ಆದರೆ ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಬಣ್ಣದ ಚಿತ್ರವಷ್ಟೇ.

ಮೊಳೆ, ಆಮ್ಲ, ನಾಲಗೆ

ಈಗ ಬೆಟ್ಟ ಹತ್ತಿ. ಎಲ್ಲಿ ಒರತೆ ಇದೆ, ಎಲ್ಲಿ ಬಟ್ಟಲಿನಂಥ ತಗ್ಗು ಬಿದ್ದಿದೆ, ಎಲ್ಲಿ ಮರಗಳು ಕುಡಿದವರಂತೆ ದಿಕ್ಕಿಗೊಂದು ವಾಲಿವೆ, ಗುರುತು ಹಾಕಿಕೊಳ್ಳಿ. ಒರತೆಯ ನೀರಿನಲ್ಲಿ ಸಲ್ಫೇಟ್ ಹೆಚ್ಚಿದ್ದರೆ ಆ ನೀರು ಎಲ್ಲೋ ಜಿಪ್ಸಮ್ ಕರಗಿಸಿಕೊಂಡು ಬಂದಿದೆ ಎಂದರ್ಥ. ನಾಲಗೆಗೆ ತುಸು ಕಹಿ ಎನಿಸಬಹುದು, ಆದರೂ ಪ್ರಯೋಗಾಲಯದ ವರದಿಯನ್ನೇ ನೆಚ್ಚಿಕೊಳ್ಳುವುದು ಕ್ಷೇಮ.

ಕಲ್ಲಿನ ಚೂರು ಸಿಕ್ಕಿದರೆ ಅದರ ಮೇಲೆ ಸಾರಗುಂದಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಡಿ. ನೊರೆಯೆದ್ದರೆ ಸುಣ್ಣಕಲ್ಲು. ಸುಮ್ಮನಿದ್ದರೆ ಬೆರಳಿನ ಉಗುರಿನಿಂದ ಗೀರಿ. ಬಿಳಿ ಗೀರು ಬಿದ್ದರೆ ಜಿಪ್ಸಮ್ ಇರಬಹುದು. ಉಗುರು ಸೋತು ಕಬ್ಬಿಣದ ಮೊಳೆ ಗೆದ್ದರೆ ಆನ್‌ಹೈಡ್ರೈಟ್ ಎಂದು ಅನುಮಾನಿಸಿ, ಚೂರನ್ನು ಪರೀಕ್ಷೆಗೆ ಕಳುಹಿಸಿ.

ಆಳವನ್ನು ಬರೆಯಿರಿ

ಅಪಾಯದ ಪದರ ಎಲ್ಲಿದೆ ಎಂದು ಗುರುತಿಸಿದರೆ ಅರ್ಧ ಕೆಲಸ ಮಾತ್ರ. ಅದರ ಮೇಲ್ಮೈ ಎಷ್ಟು ಮೀಟರ್ ಕೆಳಗೆ ಸಿಗುತ್ತದೆ ಎಂಬುದನ್ನು ಪ್ರತಿ ರಂಧ್ರದಿಂದ ತೆಗೆದು, ನಡುವಿನ ಜಾಗಕ್ಕೆ ಅಂದಾಜು ಹಾಕಬೇಕು. ಬಯಲುಸೀಮೆಯಲ್ಲಿ ಕಂಪ್ಯೂಟರ್ ಇದನ್ನು ಚೆನ್ನಾಗಿಯೇ ಮಾಡೀತು. ಬೆಟ್ಟದಲ್ಲಿ ಪದರಗಳು ಮಡಚಿರುತ್ತವೆ, ಸ್ತರಭಂಗಗಳಲ್ಲಿ, ಅಂದರೆ ಕಲ್ಲು ಸೀಳಿ ಒಂದು ಪಕ್ಕ ಜರುಗಿದ ಬಿರುಕುಗಳಲ್ಲಿ, ಕತ್ತರಿಸಿ ಮೇಲೆಕೆಳಗಾಗಿರುತ್ತವೆ. ಸ್ಟೌಫೆನ್ ಇರುವುದೇ ರೈನ್ ಕಣಿವೆ ಕುಸಿದು ಬ್ಲ್ಯಾಕ್ ಫಾರೆಸ್ಟ್‌ನಿಂದ ಬೇರ್ಪಟ್ಟ ಅಂಚಿನಲ್ಲಿ. ಸ್ತರಭಂಗದ ಈಚೆಗೆ 40 ಮೀಟರ್‌ನಲ್ಲಿದ್ದ ಪದರ ಆಚೆಗೆ 120ರಲ್ಲಿ ಇರಬಹುದು. ಎರಡರ ಸರಾಸರಿ 80 ಎಂದು ಬರೆದರೆ ಅದು ಎರಡೂ ಕಡೆಗೆ ಸುಳ್ಳು. ಸ್ತರಭಂಗದ ಗೆರೆ ದಾಟಿ ಲೆಕ್ಕ ಹಾಕದಂತೆ ಕಂಪ್ಯೂಟರಿಗೆ ಮೊದಲೇ ಬೇಲಿ ಹಾಕಿ. ಕೈಯಲ್ಲಿ ನಾಲ್ಕಾರು ಅಡ್ಡಸೀಳು ಚಿತ್ರಗಳನ್ನು ಬಿಡಿಸಿ ನೋಡಿ. ತಪ್ಪುಗಳು ಪರದೆಗಿಂತ ಕಾಗದದ ಮೇಲೆ ಬೇಗ ಸಿಕ್ಕಿಬೀಳುತ್ತವೆ.

ಅಳತೆಯನ್ನೂ ಮರೆಯಬೇಡಿ. 1:50,000 ಅಳತೆಯ ನಕ್ಷೆಯಲ್ಲಿ ಒಂದು ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ 50 ಮೀಟರ್ ಅಗಲ. ಅಷ್ಟರಲ್ಲಿ ಮೂರು ಮನೆಗಳು ಕೂರುತ್ತವೆ.

ಬಣ್ಣ ಹಚ್ಚುವಾಗ

ಟ್ರಾಫಿಕ್ ಸಿಗ್ನಲ್‌ನ ಮಾದರಿ ಎಲ್ಲರಿಗೂ ಅರ್ಥವಾಗುತ್ತದೆ: ಹಸಿರಿನಲ್ಲಿ ಕೊರೆಯಬಹುದು, ಹಳದಿಯಲ್ಲಿ ಷರತ್ತು ಮತ್ತು ಆಳದ ಮಿತಿ, ಕೆಂಪಿನಲ್ಲಿ ಬೇಡ. ನನ್ನ ತಕರಾರು ಹಸಿರಿನ ಬಗ್ಗೆ. ಒಂದೂ ರಂಧ್ರದ ದಾಖಲೆಯಿಲ್ಲದ ಕಣಿವೆಗೆ ‘ಅಪಾಯ ಕಂಡುಬಂದಿಲ್ಲ’ ಎಂದು ಹಸಿರು ಬಳಿಯುವುದು ಸುಲಭ. ಯಾರೂ ನೋಡಿಯೇ ಇಲ್ಲದಿದ್ದರೆ ಕಂಡುಬರುವುದಾದರೂ ಹೇಗೆ? ಅಂಥ ಜಾಗಕ್ಕೆ ಬೂದು ಬಣ್ಣ ಕೊಡಿ, ಇಲ್ಲವೇ ಬಿಳಿಯಾಗಿ ಬಿಡಿ.

ನಕ್ಷೆ ಮುಗಿದ ಮೇಲೆ ಪರೀಕ್ಷೆ: ಕೆಲವು ರಂಧ್ರಗಳ ದಾಖಲೆಯನ್ನು ಮೊದಲೇ ಎತ್ತಿಟ್ಟುಕೊಂಡು, ನಕ್ಷೆ ಹೇಳುವ ಆಳ ಅವಕ್ಕೆ ತಾಳೆಯಾಗುತ್ತದೆಯೇ ನೋಡಿ. ಉಪಗ್ರಹದ ರೇಡಾರ್ ಚಿತ್ರಗಳಿಂದ ನೆಲ ಮಿಲಿಮೀಟರ್ ಲೆಕ್ಕದಲ್ಲಿ ಏಳುವುದು, ಇಳಿಯುವುದು ತಿಳಿಯುತ್ತದೆ. ಸ್ಟೌಫೆನ್‌ನ ಉಬ್ಬನ್ನು ಹೀಗೂ ಅಳೆದಿದ್ದಾರೆ.

ಕೊರೆಯುವ ದಿನ

ಸ್ಟೌಫೆನ್‌ನ ಪೆಟ್ಟು ತಿಂದ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಆಮೇಲೆ ನಿಯಮ ಬಿಗಿ ಮಾಡಿತು: ಆನ್‌ಹೈಡ್ರೈಟ್ ಇರಬಹುದಾದ ಕಡೆ ಜಿಪ್ಸಮ್ ಸಿಕ್ಕೊಡನೆ ಕೊರೆತ ನಿಲ್ಲಬೇಕು. ಹಾಗಾಗಿ ನಕ್ಷೆಯ ಹಳದಿ ಚೌಕದಲ್ಲಿ ‘75 ಮೀಟರ್’ ಎಂದಿದ್ದರೆ, 60 ದಾಟಿದ ಮೇಲೆ ಯಂತ್ರವನ್ನು ನಿಧಾನ ಮಾಡಿ, ಮೀಟರಿಗೊಮ್ಮೆ ಜರಡಿಯಲ್ಲಿ ಚೂರು ಹಿಡಿದು, ತೊಳೆದು ನೋಡಬೇಕು. 68ರಲ್ಲಿಯೇ ಬಿಳಿ ಚೂರು ಬಂತೇ? ಅಲ್ಲಿಗೇ ನಿಲ್ಲಿಸಿ. ಉಳಿದ ಶಾಖಕ್ಕೆ ಪಕ್ಕದಲ್ಲಿ ಇನ್ನೊಂದು ಗಿಡ್ಡ ರಂಧ್ರ ಕೊರೆಯಿರಿ, ನಕ್ಷೆಯಲ್ಲಿ 75 ಎಂದಿದ್ದುದನ್ನು 68 ಎಂದು ತಿದ್ದಲು ಚೂರಿನ ಸಮೇತ ಇಲಾಖೆಗೆ ಕಳುಹಿಸಿ.